ಕಥಾಸಂಕಲನದ ಕರಾರುಪತ್ರ: ತಿಳಿದವರ ಸಹಾಯ ಬೇಕು

ಗುಂಪಿನ ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಬರೆದು, ಗಟ್ಟಿಯಾಗಿ ಓದಿ, ಕಿವಿಗೆ ಒಗ್ಗದ ವಾಕ್ಯಗಳನ್ನೆಲ್ಲ ತಿದ್ದಿದ ನನ್ನ ಹನ್ನೊಂದು ಕಥೆಗಳನ್ನು ಪುಸ್ತಕವಾಗಿ ತರಲು ಪ್ರಕಾಶಕರೊಬ್ಬರು ಒಪ್ಪಿದ್ದಾರೆ. ಅವರು ಕಳುಹಿಸಿರುವ ಒಂದೂವರೆ ಪುಟದ ಕರಾರಿನಲ್ಲಿ ‘ಕೃತಿಯ ಸಕಲ ಹಕ್ಕುಗಳೂ ಪ್ರಕಾಶಕರಿಗೆ ಸೇರತಕ್ಕದ್ದು’ ಎಂದಿದೆ. ಅವಧಿಯ ಮಾತೇ ಇಲ್ಲ, ಗೌರವಧನದ ಬದಲು 25 ಪ್ರತಿಗಳು.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ, ಅವಧಿಯನ್ನು ನಮೂದಿಸದಿದ್ದರೆ ಹಕ್ಕಿನ ವರ್ಗಾವಣೆ 5 ವರ್ಷಗಳಿಗೆ ಸೀಮಿತ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಸೀಮಿತ ಎಂದು ಓದಿ ತಿಳಿದಿದ್ದೇನೆ. ಆದರೂ ಅನುವಾದ, ಆಡಿಯೊ, ಇ-ಪುಸ್ತಕ, ನಾಟಕ ರೂಪಾಂತರದ ಹಕ್ಕುಗಳನ್ನು ನನ್ನಲ್ಲೇ ಉಳಿಸಿಕೊಂಡು, ಮೊದಲ ಮುದ್ರಣದ ಹಕ್ಕನ್ನಷ್ಟೇ ಕೊಡುವುದು ಸರಿಯೆಂದು ನನ್ನ ಅನಿಸಿಕೆ. ಇದನ್ನು ಸಂಬಂಧ ಕೆಡದಂತೆ ಯಾವ ಮಾತುಗಳಲ್ಲಿ ಬರೆದು ತಿಳಿಸಬೇಕು? ಮುಖಬೆಲೆಯ ಶೇಕಡಾ ಎಷ್ಟನ್ನು ಗೌರವಧನವಾಗಿ ಕೇಳಬಹುದು?

ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ವಿಷಯ. ಕಥೆಯೊಂದರಲ್ಲಿ ಅಜ್ಜಿಯೊಬ್ಬಳು ‘ಎಲ್ಲಿಗೆ ಹೊಂಟೀಯವ್ವಾ’ ಎಂದದ್ದನ್ನು ಪುಸ್ತಕದ ಕರಡಿನಲ್ಲಿ ‘ಎಲ್ಲಿಗೆ ಹೊರಟಿದ್ದೀಯಮ್ಮಾ’ ಎಂದು ತಿದ್ದಲಾಗಿದೆ. ಆ ಸಾಲಿನಲ್ಲಿ ಈಗ ನಮ್ಮೂರೇ ಇಲ್ಲ. ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ಪಠ್ಯವನ್ನು ಬದಲಿಸಬಾರದೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಂಡವರಿದ್ದರೆ ಅದರ ಒಕ್ಕಣೆಯನ್ನು ದಯವಿಟ್ಟು ಹಂಚಿಕೊಳ್ಳಿ. ಬರುವ ಸೋಮವಾರದೊಳಗೆ ನಾನು ಉತ್ತರಿಸಬೇಕಾಗಿದೆ.