ಹೊಗೆಸೊಪ್ಪು ಬಿಡಬೇಕು ಸರಿ, ಅಡಿಕೆಯನ್ನೂ ಬಿಡಬೇಕಾ?

ತೋಟದಕರೆ

ನಮಸ್ಕಾರ ಎಲ್ಲರಿಗೂ. ನನ್ನದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ವಯಸ್ಸು 41, ಅಡಿಕೆ ತೋಟ ಉಂಟು. ಹದಿನೇಳು ವರ್ಷದಿಂದ ಎಲೆಅಡಿಕೆ ತಿನ್ನುತ್ತೇನೆ, ಹೊಗೆಸೊಪ್ಪು ಸೇರಿಸಿಯೇ. ಮೊದಲು ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಸಿಗರೇಟು ಇತ್ತು, ಊರಿಗೆ ಬಂದ ಮೇಲೆ ಬಿಟ್ಟೆ. ಬಿಟ್ಟೆ ಅಂತ ಹೇಳುವುದಷ್ಟೇ, ನಿಜವಾಗಿ ಅದರ ಜಾಗಕ್ಕೆ ಎಲೆ ಬಂತು. ಹೊಗೆ ಇಲ್ಲವಲ್ಲ, ಶ್ವಾಸಕೋಶ ಉಳಿಯಿತು, ಅಜ್ಜ ತೊಂಬತ್ತರವರೆಗೆ ತಿಂದುಕೊಂಡೇ ಇದ್ದರು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಈಗ ಮಳೆಗಾಲದಿಂದ ಬಾಯಿ ಉರಿ. ಮಿಡಿ ಉಪ್ಪಿನಕಾಯಿ ತಾಗಿದರೆ ಕಣ್ಣಲ್ಲಿ ನೀರು. ಮೊನ್ನೆ ಒಂದು ಉಪನಯನದಲ್ಲಿ ಗೋಳಿಬಜೆ ಇಡಿಯಾಗಿ ಬಾಯಿಗೆ ಹಾಕಲು ಹೋದೆ, ಬಾಯಿ ಅಷ್ಟು ತೆರೆಯಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಭಾವ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಕನ್ನಡಿ ಎದುರು ನಿಂತು ನೋಡಿದರೆ ಎರಡು ಬೆರಳು ಹೋಗುತ್ತದೆ, ಮೂರನೆಯದು ಹೋಗುವುದಿಲ್ಲ. ಎಡ ಕೆನ್ನೆಯ ಒಳಗೆ, ಎಲೆ ಇಟ್ಟುಕೊಳ್ಳುವ ಜಾಗದಲ್ಲೇ, ಬೆಳ್ಳಗೆ ಒಂದು ಪಟ್ಟೆ. ಉಜ್ಜಿದರೆ ಹೋಗುವುದಿಲ್ಲ.

ಹಲ್ಲಿನ ಡಾಕ್ಟರಿಗೆ ತೋರಿಸಿದೆ. ಒಳ್ಳೆಯ ಜನ, ಆದರೆ ಅವರಿಗೆ ಕನ್ನಡ ಬರುವುದಿಲ್ಲ, ನನ್ನ ಮಲಯಾಳ ಅಂಗಡಿಯಿಂದ ಸಾಮಾನು ತರುವಷ್ಟು ಮಾತ್ರ. ಹೇಳಿದ್ದರಲ್ಲಿ ನನಗೆ ಅರ್ಥ ಆದದ್ದು ಎರಡು. ಬರುವ ವಾರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಮತ್ತೆ "ಪೊಗಯಿಲ ವೇಂಡ, ಅಡಕ್ಕಯುಂ ವೇಂಡ." ಹೊಗೆಸೊಪ್ಪು ಬೇಡ, ಅಡಿಕೆಯೂ ಬೇಡ. ಎರಡನೆಯದು ನಾನು ಸರಿ ಕೇಳಿಸಿಕೊಂಡೆನಾ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಹೊಗೆಸೊಪ್ಪು ಕೆಟ್ಟದ್ದು, ಒಪ್ಪಿದೆ. ಬರೀ ಎಲೆ, ಅಡಿಕೆ, ಸುಣ್ಣ ತಿಂದರೆ ಏನು ತೊಂದರೆ? ಅಂಗಳದಲ್ಲಿ ಅಡಿಕೆ, ಅಟ್ಟದಲ್ಲಿ ಅಡಿಕೆ, ಸುಲಿಯಲು ಬಂದವರಿಗೆ ಮೊದಲು ಕೊಡುವುದೇ ಎಲೆ ತಟ್ಟೆ. ನಾನು ಹೇಗೆ ಬಿಡುವುದು?

ಇನ್ನೊಂದು. ಹೊಗೆಸೊಪ್ಪನ್ನು ಮೊದಲೇ ಮೂರು ಸಲ ಬಿಡಲು ನೋಡಿದ್ದೇನೆ. ಮೂರೂ ಸಲ ಮೂರನೇ ದಿನವೇ ಸೋತದ್ದು. ಮೊದಲ ದಿನ ಹುರುಪು, ಎರಡನೇ ದಿನ ತಲೆನೋವು, ಮೂರನೇ ದಿನ ಮಗಳು ಪೆನ್ಸಿಲ್ ಕೇಳಿದ್ದಕ್ಕೆ ಬೈದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ಬೆಳಿಗ್ಗೆ ಒಂದು ಎಲೆ ಹಾಕದಿದ್ದರೆ ಹೊಟ್ಟೆಯೂ ಸರಿಯಾಗಿ ಹೋಗುವುದಿಲ್ಲ. ಯಾರಾದರೂ ಬಿಟ್ಟವರು ಇದ್ದರೆ ಹೇಳಿ ಮಾರಾಯ್ರೆ.

ಡಬಲ್‌ಚೋಲ್

ಶುರುವಾಯಿತು ಅಡಿಕೆ ಮೇಲೆ ಅಪವಾದ. ಹೊಗೆಸೊಪ್ಪು ಬಿಡಿ, ಅದು ಸರಿ. ಗುಟ್ಕಾದವರು ಅದಕ್ಕೆ ಏನೇನು ಬೆರೆಸುತ್ತಾರೋ ದೇವರಿಗೇ ಗೊತ್ತು, ಹೆಸರು ಕೆಡುವುದು ಮಾತ್ರ ಅಡಿಕೆಯದ್ದು. ದೇವರ ಮುಂದೆ ಇಡುತ್ತೇವೆ, ಮದುವೆಗೆ ಕರೆಯಲು ಹೋಗುವಾಗ ಕೊಡುತ್ತೇವೆ, ಅದು ವಿಷ ಆಗುವುದು ಹೇಗೆ? 1973ರಲ್ಲಿ ನಮ್ಮ ಹಿರಿಯರು ಕೇರಳ, ಕರ್ನಾಟಕ ಅಂತ ನೋಡದೆ ಒಟ್ಟಿಗೆ ಸೇರಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ್ದು ಜನರಿಗೆ ವಿಷ ಮಾರುವುದಕ್ಕಾ? ರೇಟು ಬೀಳಿಸುವವರಿಗೆ ಇಂಥ ಮಾತೇ ಬೇಕು. ನಿಮ್ಮ ಡಾಕ್ಟರು ಹೊಗೆಸೊಪ್ಪಿನ ಸಿಟ್ಟನ್ನು ಅಡಿಕೆ ಮೇಲೆ ತೀರಿಸಿದ್ದಾರೆ, ಅಷ್ಟೆ.

ಬಿಳಿಕೋಟು

ಡಬಲ್‌ಚೋಲ್ ಅಣ್ಣ, ನಾನೂ ಅಡಿಕೆ ದುಡ್ಡಿನಲ್ಲೇ ಓದಿದವಳು, ಮನೆ ಪೆರ್ಲದ ಕಡೆ. ಹಲ್ಲಿನ ಡಾಕ್ಟರು, ಈಗ ಮಂಗಳೂರಿನಲ್ಲಿ. ನಿಮ್ಮ ಸಿಟ್ಟು ಅರ್ಥ ಆಗುತ್ತದೆ, ನಮ್ಮ ಅಪ್ಪನೂ ಇದನ್ನೇ ಹೇಳುತ್ತಾರೆ. ಆದರೆ ತೋಟದಕರೆಯವರ ಡಾಕ್ಟರು ಹೇಳಿದ್ದು ಸರಿ, ಅವರು ಕೇಳಿಸಿಕೊಂಡದ್ದೂ ಸರಿ.

ಬಾಯಿ ನೋಡದೆ ನಾನು ಇದೇ ರೋಗ ಅಂತ ಹೇಳುವುದಿಲ್ಲ. ಆದರೆ ಖಾರ ಹುಳಿಗೆ ಉರಿ, ಬಾಯಿ ತೆರೆಯುವುದು ಕಮ್ಮಿ ಆಗುವುದು, ಇವೆರಡೂ ಒಟ್ಟಿಗೆ ಇದ್ದರೆ ನಮಗೆ ಮೊದಲು ನೆನಪಾಗುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಗಿನ ಮೆತ್ತಗಿನ ಪದರ ನಾರುನಾರಾಗಿ ಬಿಗಿಯುತ್ತದೆ, ಅಡಿಕೆ ಸಿಪ್ಪೆ ಒಣಗಿದ ಹಾಗೆ ಅಂತಿಟ್ಟುಕೊಳ್ಳಿ. ಇದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪು ಅಲ್ಲ, ಅಡಿಕೆಯೇ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮಾಡುವ ಕೆಲಸ. ಹೊಗೆಸೊಪ್ಪು ಮುಟ್ಟದೆ ಬರೀ ಸುಪಾರಿ ಪ್ಯಾಕೆಟ್ ತಿನ್ನುವ ಹುಡುಗರಲ್ಲೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪೂ ಅದೇ ಗುಂಪಿನಲ್ಲಿ ಉಂಟು. ದೇವರ ಮುಂದೆ ಇಡುವುದಕ್ಕೆ ಯಾರ ಅಡ್ಡಿಯೂ ಇಲ್ಲ ಅಣ್ಣ, ದಿನಕ್ಕೆ ಹತ್ತು ಸಲ ಕೆನ್ನೆಯಲ್ಲಿ ಇಡುವುದಕ್ಕೆ ಮಾತ್ರ ಅಡ್ಡಿ.

ಸುಣ್ಣದ ಬಗ್ಗೆಯೂ ಒಂದು ಮಾತು. ಸುಣ್ಣ ಸೇರಿದಾಗ ಬಾಯಿಯ ರಸ ಕ್ಷಾರ ಆಗುತ್ತದೆ, ಆಗ ನಿಕೋಟಿನ್ ಕೆನ್ನೆಯ ಮೂಲಕ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ಮೆದುಳಿಗೆ ತಾಗಿ ಬೇಗ ಇಳಿಯುತ್ತದೆ. ಕೆನ್ನೆಯಲ್ಲಿಟ್ಟದ್ದು ನಿಧಾನ ಏರಿ ತುಂಬ ಹೊತ್ತು ನಿಲ್ಲುತ್ತದೆ. ನೀವು ಸಿಗರೇಟು ಅಷ್ಟು ಸುಲಭದಲ್ಲಿ ಬಿಟ್ಟದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ, ಚಟ ಬಿಟ್ಟಿರಲಿಲ್ಲ, ದಾರಿ ಬದಲಾಗಿತ್ತು.

ಅಜ್ಜನ ಕಥೆ ಎಲ್ಲರ ಮನೆಯಲ್ಲೂ ಉಂಟು. ತಿಂದು ಐವತ್ತಕ್ಕೇ ಹೋದವರ ಕಥೆಯನ್ನು ಎಲೆ ತಟ್ಟೆ ಎದುರು ಯಾರೂ ಹೇಳುವುದಿಲ್ಲ.

ಬಿಳಿ ಪಟ್ಟೆ ಎಲ್ಲವೂ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಆಗುವುದೂ ಇಲ್ಲ. ಆದರೆ ಯಾವುದು ಆಗುತ್ತದೆ ಅಂತ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ, ಅದಕ್ಕೇ ಚೂರು ತೆಗೆಯುವುದು. ಮರಗಟ್ಟಿಸಿಯೇ ಮಾಡುತ್ತಾರೆ, ಹೆದರಬೇಡಿ. ಚೂರು ತೆಗೆದರೆ ಹರಡುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೋಗುವಾಗ ಮಲಯಾಳ ಚೆನ್ನಾಗಿ ಬರುವ ಒಬ್ಬರನ್ನು ಕರೆದುಕೊಂಡು ಹೋಗಿ. ಇಂಥ ವಿಷಯದಲ್ಲಿ ಅರ್ಧ ಅರ್ಥ ಆದರೆ ಸಾಲದು.

ಸುಮ್ನೆಒಬ್ಬ

ಮೂರನೇ ದಿನ ನನ್ನನ್ನು ನಮ್ಮ ಮನೆಯವಳು ತೋಟದ ಶೆಡ್ಡಿಗೆ ಕಳಿಸಿದ್ದಳು. ಊಟ ಅಲ್ಲಿಗೇ ಬರುತ್ತಿತ್ತು 😄

ಉಪ್ಪಳದಕ್ಕ

ನಮ್ಮ ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದರು, ಅಪ್ಪ ಬೀಡಿ ಸೇದುತ್ತಿದ್ದರು. ಅಮ್ಮ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೆಳಿಗ್ಗೆಯಿಂದ ರಾತ್ರಿವರೆಗೆ ಹೊಗೆಸೊಪ್ಪಿನ ಪುಡಿಯ ವಾಸನೆಯಲ್ಲೇ. ಒಂದು ಬೀಡಿ ಸೇದದವರಿಗೂ ಕೆಮ್ಮು ಬಂತು. ಆ ದುಡ್ಡಲ್ಲೇ ನಾವು ಶಾಲೆಗೆ ಹೋದದ್ದು, ಹಾಗಾಗಿ ಡಬಲ್‌ಚೋಲ್ ಅಣ್ಣನ ಸಂಕಟ ನನಗೆ ಗೊತ್ತು.

ಅಪ್ಪನ ವಿಷಯ ಹೇಳುತ್ತೇನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಗಡಿ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದರಲ್ಲ, ಅಂಗಡಿ ಎಲ್ಲ ಬಂದ್. ಮನೆಯಲ್ಲಿದ್ದ ಬೀಡಿ ನಾಲ್ಕು ದಿನಕ್ಕೆ ಮುಗಿಯಿತು. ಆಮೇಲೆ ಒಂದು ವಾರ ಮನೆ ಮನೆಯಾಗಿರಲಿಲ್ಲ. ಅಪ್ಪ ಅಂಗಳದಲ್ಲಿ ಬಿದ್ದ ಮೋಟು ಬೀಡಿ ಹುಡುಕುತ್ತಿದ್ದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಅದನ್ನು ಈಗಲೂ ಅಪ್ಪನಿಗೆ ಹೇಳಿಲ್ಲ. ಎರಡನೇ ವಾರ ಸ್ವಲ್ಪ ತಣ್ಣಗಾದರು. ಒಂದು ತಿಂಗಳಾಗುವಾಗ ಊಟ ರುಚಿ ಅಂದರು, ಮೆಟ್ಟಿಲು ಹತ್ತುವಾಗ ಏದುಸಿರು ಕಮ್ಮಿಯಾಯಿತು. ದೇಹ ಬಿಟ್ಟೇಬಿಟ್ಟಿತ್ತು ನೋಡಿ. ಆಮೇಲೆ ಅಂಗಡಿ ತೆರೆಯಿತು, ಚಾ ಕುಡಿಯಲು ಹೋದರು, ಯಾರೋ ಒಂದು ಬೀಡಿ ಚಾಚಿದರು. ಅಷ್ಟೇ ಸಾಕಾಯಿತು. ಚಾಚಿದವರನ್ನು ಬೈದು ಎಂತ ಪ್ರಯೋಜನ, ಅಪ್ಪ ಬಿಟ್ಟದ್ದಲ್ಲ, ಸಿಗದೆ ಇದ್ದದ್ದು.

ಆದ್ದರಿಂದ ನಿಮ್ಮ ಎಲೆ ತಟ್ಟೆಯ ಬಗ್ಗೆ ಈಗಲೇ ಒಂದು ತೀರ್ಮಾನ ಮಾಡಿ. ಮೂರನೇ ದಿನ ಹೇಗೂ ದಾಟುತ್ತೀರಿ. ಮೂರನೇ ತಿಂಗಳಲ್ಲಿ ಯಾರೋ ಪ್ರೀತಿಯಿಂದ ಎಲೆ ಮಡಚಿ ಕೊಡುತ್ತಾರಲ್ಲ, ಅಲ್ಲಿ ಜಾಗ್ರತೆ.

ತೋಟದಕರೆ

ಎಲ್ಲರಿಗೂ ಉಪಕಾರ ಆಯಿತು. ಅಕ್ಕ, ಅಂಗಳದ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನೂ ಒಮ್ಮೆ ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಸುಲಿಯುವವರು ಬಿಟ್ಟುಹೋದ ಹೊಗೆಸೊಪ್ಪಿನ ತುಂಡು ಹುಡುಕಿದ್ದೇನೆ.

ಬಿಳಿಕೋಟು ಅವರೇ, ಮೂರನೇ ದಿನವೇ ಯಾಕೆ? ಅದಕ್ಕೆ ಮದ್ದು ಉಂಟಾ? ಚೂಯಿಂಗ್ ಗಮ್ ಸಿಗುತ್ತದಂತೆ.

ಬಿಳಿಕೋಟು

ನಿಕೋಟಿನ್ ರಕ್ತದಲ್ಲಿ ಹೆಚ್ಚು ಕಮ್ಮಿ ಎರಡು ಗಂಟೆಗೆ ಅರ್ಧ ಆಗುತ್ತದೆ. ಕೆಲವು ಗಂಟೆಗಳಲ್ಲೇ ಮೆದುಳು ಕೇಳಲು ಶುರು ಮಾಡುತ್ತದೆ, ಎರಡು ಮೂರನೇ ದಿನಕ್ಕೆ ಅದು ತಾರಕಕ್ಕೆ ಹೋಗುತ್ತದೆ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತದೆ. ಸಿಟ್ಟು, ನಿದ್ದೆ ಕೆಡುವುದು, ತಲೆನೋವು, ಮಲಬದ್ಧತೆ ಎಲ್ಲ ಅದರ ಲಕ್ಷಣಗಳೇ, ನಾಚಿಕೆ ಪಡುವಂಥದ್ದು ಏನೂ ಇಲ್ಲ. ನೀವು ಮೂರು ಸಲವೂ ಸೋತದ್ದು ಗುಡ್ಡೆಯ ತುದಿ ಮುಟ್ಟಿದ ಮೇಲೆ, ಇನ್ನು ಇಳಿಜಾರು ಇತ್ತು.

ಗಮ್ ಒಳ್ಳೆಯದೇ, ಆದರೆ ನಿಮಗೆ ನಾನು ಹೇಳುವುದಿಲ್ಲ. ಬಿಗಿದ ಬಾಯಿ, ಕೆನ್ನೆಯಲ್ಲಿ ಪಟ್ಟೆ ಇರುವಾಗ ಅಲ್ಲೇ ಮತ್ತೊಂದನ್ನು ಅಗಿಯುವುದು ಯಾಕೆ? ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಸಿಗುತ್ತದೆ, ಎಷ್ಟು ಮಿಲಿಗ್ರಾಂ ಅಂತ ಡಾಕ್ಟರ ಹತ್ತಿರ ಕೇಳಿಯೇ ತೆಗೆದುಕೊಳ್ಳಿ. ಕ್ಯಾನ್ಸರಿಗೆ ಕಾರಣ ಮುಖ್ಯವಾಗಿ ಹೊಗೆಸೊಪ್ಪಿನ ಬೇರೆ ರಾಸಾಯನಿಕಗಳು, ನಿಕೋಟಿನ್ ಕಟ್ಟಿಹಾಕುವ ಹಗ್ಗ. ಪ್ಯಾಚ್ ಆ ಹಗ್ಗವನ್ನು ಮೆಲ್ಲಗೆ ಸಡಿಲ ಮಾಡುತ್ತದೆ. ಬೆವರಿಗೆ ಏಳುತ್ತದೆ, ಆದ್ದರಿಂದ ಸ್ನಾನ ಮಾಡಿ ಒರೆಸಿ ತೋಳಿನ ಮೇಲೆ ಹಾಕಿ, ದಿನವೂ ಜಾಗ ಬದಲಿಸಿ. ಪ್ಯಾಚ್ ಇರುವಾಗ ಹೊಗೆಸೊಪ್ಪು ಮುಟ್ಟಬೇಡಿ.

1800-11-2356 ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಈ ನಂಬರನ್ನು 2018ರಿಂದ ಪ್ಯಾಕೆಟ್‌ಗಳ ಮೇಲೆ ಹಾಕುತ್ತಾರೆ. ಆದರೆ ನಮ್ಮ ಅಂಗಡಿಗಳಲ್ಲಿ ಬಿಡಿಯಾಗಿ ಕತ್ತರಿಸಿ ಕೊಡುವ ಹೊಗೆಸೊಪ್ಪಿಗೆ ಪ್ಯಾಕೆಟ್ಟೇ ಇಲ್ಲ, ಚಿತ್ರವೂ ಇಲ್ಲ, ನಂಬರೂ ಇಲ್ಲ. ಹಳೆ ಪೇಪರಿನಲ್ಲಿ ಕಟ್ಟಿ ಕೊಡುತ್ತಾರೆ.

ಬಾಯಿ ಬಿಗಿದದ್ದು ಪೂರ್ತಿ ಮೊದಲಿನ ಹಾಗೆ ಆಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ಅಡಿಕೆ ನಿಲ್ಲಿಸಿದರೆ ಹೆಚ್ಚು ಬಿಗಿಯದ ಹಾಗೆ ತಡೆಯಬಹುದು, ಉರಿಗೆ ಮದ್ದು ಉಂಟು, ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಡುತ್ತಾರೆ.

ಡಬಲ್‌ಚೋಲ್

ಒಪ್ಪಿದೆ ಅಂತ ಅಲ್ಲ. ಆದರೆ ಈಗ ಕನ್ನಡಿ ಎದುರು ನಿಂತು ನೋಡಿದೆ. ಮೂರು ಬೆರಳು ಹೋಗುತ್ತದೆ, ಸ್ವಲ್ಪ ಒತ್ತಿ. ಒತ್ತಿದರೆ ಲೆಕ್ಕ ಉಂಟಾ?

ಬಿಳಿಕೋಟು

ಒಮ್ಮೆ ತೋರಿಸಿ ಅಣ್ಣ.

ಸುಮ್ನೆಒಬ್ಬ

ನನ್ನದು ಬಿಟ್ಟು ನಾಲ್ಕು ವರ್ಷ ಆಯಿತು, ತಮಾಷೆ ಬದಿಗಿಟ್ಟು ಹೇಳುತ್ತೇನೆ. ಆಸೆ ಬಂದಾಗ ಅದು ಕೆಲವು ನಿಮಿಷ ಮಾತ್ರ, ಆ ಹೊತ್ತಿಗೆ ಕೈಗೆ ಕೆಲಸ ಕೊಡಬೇಕು. ನಾನು ತೋಟಕ್ಕೆ ಹೋಗಿ ಸ್ಪ್ರಿಂಕ್ಲರ್ ಬದಲಿಸುತ್ತಿದ್ದೆ, ಆ ಬೇಸಗೆ ನಮ್ಮ ತೋಟದಷ್ಟು ನೀರು ಕುಡಿದ ತೋಟ ಬೇರೆ ಇರಲಿಕ್ಕಿಲ್ಲ. ಬಾಯಿಗೆ ಏಲಕ್ಕಿ, ಇಲ್ಲದಿದ್ದರೆ ಜೀರಿಗೆ. ಹೊಟ್ಟೆಗೆ ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಒಂದು ಬಾಳೆಹಣ್ಣು, ಹತ್ತು ದಿನದಲ್ಲಿ ಸರಿಯಾಯಿತು. ತೂಕ ನಾಲ್ಕು ಕೆಜಿ ಜಾಸ್ತಿ ಆಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಲೆ ತಟ್ಟೆ ಯಾರಾದರೂ ಚಾಚಿದರೆ ಬೇಡ ಅಂದರೆ ಬೇಜಾರು ಮಾಡುತ್ತಾರೆ. ನಾನು ಒಂದು ಎಲೆ ತೆಗೆದು ಕಿಸೆಗೆ ಹಾಕುತ್ತೇನೆ. ಕೊಟ್ಟವರಿಗೂ ಸಂತೋಷ, ಮನೆಗೆ ಬಂದು ದನಕ್ಕೆ ಹಾಕುತ್ತೇನೆ, ಅದಕ್ಕೂ ಸಂತೋಷ.

ತೋಟದಕರೆ

ಇವತ್ತಿಗೆ ಎಂಟು ದಿನ. ಚೂರು ತೆಗೆದರು, ಉಪನಯನದಲ್ಲಿ ನಕ್ಕ ಆ ಭಾವನೇ ಜೊತೆಗೆ ಬಂದು ಮಲಯಾಳದಲ್ಲಿ ಎಲ್ಲ ಕೇಳಿ ಹೇಳಿದರು. ರಿಪೋರ್ಟ್ ಬರುವುದು ಬುಧವಾರ. ಪ್ಯಾಚ್ ಹಾಕಿದ್ದೇನೆ. ಮೂರನೇ ದಿನ ಬೆಳಿಗ್ಗೆಯೇ ಮಗಳಿಗೆ ಹೇಳಿದೆ, ಇವತ್ತು ಅಪ್ಪನ ಹತ್ತಿರ ಎಂತ ಕೇಳುವುದಿದ್ದರೂ ನಾಳೆ ಕೇಳು ಅಂತ. ಅವಳು ಅಡಿಕೆ ಸುಲಿಯುವವರಿಗೂ ಹೋಗಿ ಹೇಳಿ ಬಂದಿದ್ದಾಳೆ. ಅವರು ಈಗ ಎಲೆ ತಟ್ಟೆಯನ್ನು ಕೊಟ್ಟಿಗೆಯ ಹಿಂದೆ ಇಟ್ಟುಕೊಳ್ಳುತ್ತಾರೆ, ನನ್ನನ್ನು ಕಂಡರೆ ಸುಮ್ಮನಾಗುತ್ತಾರೆ. ಅದು ಸ್ವಲ್ಪ ಬೇಜಾರು.

ಒಂದೇ ತೊಂದರೆ, ರಾತ್ರಿ ಎಂತೆಂತದೋ ಕನಸು. ನಿನ್ನೆ ಅಜ್ಜ ಬಂದು ಕಬ್ಬಿಣದ ಕುಟ್ಟಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಾ ಕೂತಿದ್ದರು, ಆ ಸದ್ದಿಗೇ ಎಚ್ಚರ ಆಯಿತು. ಇದು ಪ್ಯಾಚಿನದ್ದಾ, ಅಜ್ಜನದ್ದಾ?

ಬಿಳಿಕೋಟು

ಪ್ಯಾಚಿನದ್ದು. ಮಲಗುವ ಮೊದಲು ತೆಗೆದಿಡಿ. ಬುಧವಾರ ರಿಪೋರ್ಟ್ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.