ಲಿಂಕ್ ಹಾಕಿದ ನೋಟ್ಸ್ 1,900 ಆಯಿತು, ಬೇಕಾದ್ದು ಮಾತ್ರ ಸಿಗುತ್ತಿಲ್ಲ. ನೀವೆಲ್ಲ ಹೇಗೆ ಜೋಡಿಸಿಕೊಂಡಿದ್ದೀರಿ?

ಕುಮಟಾ ಮೇಷ್ಟ್ರು

ನಮಸ್ಕಾರ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾಲ್ಕು ವರ್ಷದಿಂದ ಆಬ್ಸಿಡಿಯನ್ ಎಂಬ ಆಪ್‌ನಲ್ಲಿ ನೋಟ್ಸ್ ಬರೆದಿಡುತ್ತಿದ್ದೇನೆ. ಪಾಠದ್ದು, ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರಿನ ಗದ್ದೆ) ಬೆಳೆಯುವ ಕಗ್ಗ ಭತ್ತದ್ದು, ಗಿಡ, ಹಕ್ಕಿ, ಅಜ್ಜಿ ಹೇಳಿದ ಮಾತು, ಎಲ್ಲ ಸೇರಿ 1,900. ಮೊದಲು ಫೋಲ್ಡರ್ ಮಾಡಿದೆ, ಹನ್ನೊಂದು. ಆಮೇಲೆ ಟ್ಯಾಗ್. ಆಮೇಲೆ ಕಂಡಕಂಡಲ್ಲಿ ಲಿಂಕ್. ಈಗ ಲಿಂಕ್‌ಗಳ ನಕ್ಷೆ, ಅಂದರೆ ಗ್ರಾಫ್, ತೆರೆದರೆ ಹಳೆ ಕೊಟ್ಟಿಗೆಯ ಜೇಡರ ಬಲೆ.

ಪ್ರಶ್ನೆ ಎರಡೇ. ಫೋಲ್ಡರ್ ಪೂರ್ತಿ ತೆಗೆದುಬಿಡಲಾ? ಕನ್ನಡ ಪದಕ್ಕೆ ಲಿಂಕ್ ಹಾಕುವಾಗ ವಿಭಕ್ತಿ ಪ್ರತ್ಯಯದ ಕಾಟಕ್ಕೆ ಏನು ಮಾಡುತ್ತೀರಿ? ಖರ್ಚು ಮಾಡುವ ಸ್ಥಿತಿ ಇಲ್ಲ. ಆಂಡ್ರಾಯ್ಡ್ ಫೋನ್, ಒಂದು ಹಳೆ ವಿಂಡೋಸ್ ಲ್ಯಾಪ್‌ಟಾಪ್, ಅಷ್ಟೇ.

ಅಟ್ಟದ ಮೇಲಿನವ, ಶಿರಸಿ

ಮೇಷ್ಟ್ರೇ, ಇದು ಕಾಗದದ ಚೀಟಿಯಲ್ಲಿ ಮಾಡುವ ಕೆಲಸ. ಜರ್ಮನಿಯ ಸಮಾಜಶಾಸ್ತ್ರಜ್ಞ ಲೂಮನ್ 90,000 ಚೀಟಿ ಬರೆದರು, ಒಂದಕ್ಕೂ ಚಾರ್ಜರ್ ಬೇಕಾಗಲಿಲ್ಲ. ನಾನು 2016ರಲ್ಲಿ ಶುರು ಮಾಡಿದೆ. ಕಾರ್ಡ್ ಹುಬ್ಬಳ್ಳಿಯಿಂದ ತರಿಸಿದ್ದು. ನೂರರ ಕಟ್ಟಿಗೆ 60 ರೂಪಾಯಿ, 22 ಕಟ್ಟು, 1,320. ಹಲಸಿನ ಹಲಗೆಯ ಪೆಟ್ಟಿಗೆ, ಆಚಾರಿಯ ಮಜೂರಿ ಸೇರಿ 2,700. ಕಾರ್ಡಿಗೊಂದು ನಂಬರ್. ಅಡಿಕೆ ತೋಟಕ್ಕೆ 14, ಅದರ ಕೊಳೆರೋಗಕ್ಕೆ 14ಅ, ಔಷಧಿ ಅಳತೆಗೆ 14ಅ1. ಅಲ್ಲಿಂದ ಮಳೆ ಲೆಕ್ಕದ 31ಕ್ಕೆ ದಾರಿ.

2019ರ ಆಗಸ್ಟ್ ಮಳೆ ನೆನಪಿದೆಯಲ್ಲ? ನಮ್ಮಲ್ಲಿ ಎಂಟು ದಿನ ಬಿಸಿಲೇ ಕಾಣಲಿಲ್ಲ. ಪೆಟ್ಟಿಗೆ ಮುಚ್ಚಿಯೇ ಇತ್ತು. ತೆಗೆದರೆ ಒಳಗೆಲ್ಲ ಬೂಷ್ಟು. 410 ಕಾರ್ಡ್ ಒಂದಕ್ಕೊಂದು ಅಂಟಿ ಹಪ್ಪಳದ ಹಿಟ್ಟಿನ ಹಾಗೆ ಮುದ್ದೆ. ಜೆಲ್ ಪೆನ್ನಿನಲ್ಲಿ ಬರೆದದ್ದು ನೀಲಿ ನೀರು. ಪೆನ್ಸಿಲ್ಲಿನಲ್ಲಿ ಬರೆದದ್ದು ಉಳಿಯಿತು, ಬಾಲ್ ಪೆನ್ನಿನದ್ದು ಮುಕ್ಕಾಲು ಉಳಿಯಿತು. 14ಅ ಸರಣಿ ಪೂರ್ತಿ ಹೋಯಿತು. ಆ ವರ್ಷ ಕೊಳೆಯೂ ಬಂತು.

ಅಂದಿನಿಂದ ಪೆಟ್ಟಿಗೆ ಒಲೆಯ ಮೇಲಿನ ಅಟ್ಟದಲ್ಲಿದೆ. ಕಾರ್ಡೆಲ್ಲ ಹೊಗೆ ಹಿಡಿದು ಕಂದು. ಆದರೆ ಆಮೇಲೆ ಒಂದೂ ಹಾಳಾಗಿಲ್ಲ. ನಿಮ್ಮ ಲ್ಯಾಪ್‌ಟಾಪನ್ನು ಒಂದು ಮಳೆಗಾಲ ಅಟ್ಟದ ಮೇಲಿಡಿ, ನೋಡುವ.

ಬನವಾಸಿ ರೋಡ್

ಲೂಮನ್ ಪ್ರೊಫೆಸರ್ ಮಾರಾಯ್ರೆ. ತಿಂಗಳಾದರೆ ಸಂಬಳ. ಅಡಿಕೆ ಕೊಯ್ಯುವ ಕೊನೆಗೌಡನ ಬೆನ್ನು ಹತ್ತಿ ಓಡುವ ಕೆಲಸ ಅವರಿಗಿರಲಿಲ್ಲ. 410 ಕಾರ್ಡ್ ಮುದ್ದೆ ಮಾಡಿಕೊಂಡವರು ಇನ್ನೊಬ್ಬರಿಗೆ ಕಾಗದ ಹಿಡಿಯಿರಿ ಅನ್ನುವುದು ಹೇಗೆ?

ನನ್ನದು ದುಡ್ಡಿನ ಕಥೆ. ಒಂದು ಆನ್‌ಲೈನ್ ಸೇವೆ, ಹೆಸರು ಬೇಡ. ತಿಂಗಳಿಗೆ 415 ರೂಪಾಯಿ, 31 ತಿಂಗಳು. 12,865. ಮನೆಯಲ್ಲಿ ಕೇಳಿದರೆ "ರೀಚಾರ್ಜ್" ಅನ್ನುತ್ತಿದ್ದೆ. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ತೋಟ, ಆಳಿನ ಲೆಕ್ಕ, ಓದಿದ ಪುಸ್ತಕ, ಟೇಬಲ್ ಒಳಗೆ ಟೇಬಲ್. ಆದರೆ ನೆಟ್ ಇಲ್ಲದೆ ತೆರೆಯುತ್ತಿರಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರ್ ಹೋಗುತ್ತದೆ. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವವರು, ಔಷಧಿ ಹೊಡೆಯುವವರು ಮೂವರು ಬಂದು ಕೂತಿದ್ದಾರೆ. ನಾನು ಗುಡ್ಡ ಹತ್ತಿ ಸಿಗ್ನಲ್ ಹಿಡಿಯುತ್ತಿದ್ದೇನೆ. ಯಾಕೆ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಅಳತೆ ನೋಡಲಿಕ್ಕೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು.

ಬಿಟ್ಟು ಬರುವಾಗ ಇನ್ನೊಂದು ಪೆಟ್ಟು. ಡೌನ್‌ಲೋಡ್ ಮಾಡಿದರೆ 1,140 ಫೈಲ್, ಪ್ರತಿ ಹೆಸರಿಗೂ ರೈಲಿನ ಹಾಗೆ ಅಂಕಿ-ಅಕ್ಷರದ ಬಾಲ. ಅರ್ಧಕ್ಕರ್ಧ ಲಿಂಕ್ ಒತ್ತಿದರೆ ಎಲ್ಲಿಗೂ ಹೋಗದು. ದೀಪಾವಳಿಗೆ ಕೂತವ ಶಿವರಾತ್ರಿಗೆ ಎದ್ದೆ. ಈಗ ಬರೀ ಟೆಕ್ಸ್ಟ್ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆಯದ ಯಾವುದನ್ನೂ ನಾನು ಮುಟ್ಟುವುದಿಲ್ಲ.

ಅಟ್ಟದ ಮೇಲಿನವ, ಶಿರಸಿ

ತೋಟ ಇದ್ದವನಿಗೆ ಬೋರ್ಡೋ ಅಳತೆ ಬಾಯಿಪಾಠ ಇಲ್ವಾ? ಅದಕ್ಕೂ ನೋಟ್ಸಾ?

ಬನವಾಸಿ ರೋಡ್

14ಅ1 ಅಂತ ಕಾರ್ಡ್ ಬರೆದಿಟ್ಟವರು ಯಾರು? ನಾನಾ?

ಖತಾವಣಿ

ಸಹಕಾರಿ ಸಂಘವೊಂದರಲ್ಲಿ 34 ವರ್ಷ ಲೆಕ್ಕ ಬರೆದು ನಿವೃತ್ತನಾದವ ನಾನು. ನೀವು ಬ್ಯಾಕ್‌ಲಿಂಕ್ ಅಂತ ಕುಣಿಯುವುದು ನಮ್ಮ ರೋಜುಕೀರ್ದಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಇತ್ತು. ಕೀರ್ದಿಯಲ್ಲಿ ಆ ದಿನದ ವ್ಯವಹಾರ, ಪಕ್ಕದಲ್ಲಿ ಖತಾವಣಿಯ ಪುಟ. ಖತಾವಣಿಯಲ್ಲಿ ಸದಸ್ಯನ ಖಾತೆ, ಪಕ್ಕದಲ್ಲಿ ಕೀರ್ದಿಯ ಪುಟ. ಎರಡೂ ಕಡೆಯಿಂದ ದಾರಿ. ಒಂದು ಕಡೆ ಬರೆದು ಇನ್ನೊಂದು ಕಡೆ ಮರೆತರೆ ಆಡಿಟ್ ದಿನ ಮರ್ಯಾದೆ ಹೋಗುತ್ತಿತ್ತು.

ಒಮ್ಮೆ ನನಗೇ ಹೋಯಿತು. 118 ಅನ್ನುವಲ್ಲಿ 181 ಬರೆದಿದ್ದೆ. ಎರಡೂ ಪುಟದಲ್ಲಿ ಒಂದೇ ಹೆಸರಿನ ಹೆಗಡೆಯವರು! ಆ ಹೆಸರಿನವರು ಆರು ಜನ ಇದ್ದರು. 4,260 ರೂಪಾಯಿ ತಾಳೆಯಾಗಲಿಲ್ಲ. ಮೂರು ವಾರ ರಾತ್ರಿ ಲಾಟೀನು ಹಚ್ಚಿ ಹುಡುಕಿದೆ. ಆಮೇಲಿಂದ ಬರೀ ಹೆಸರು ಬರೆದದ್ದೇ ಇಲ್ಲ. ಊರು, ಮನೆ ಹೆಸರು ಸೇರಿಸಿಯೇ ಬರೆದೆ. ನಿಮ್ಮ ನೋಟಿಗೂ ಅದೇ ಮಾತು. "ಮಾವು" ಅಂತ ತಲೆಬರಹ ಕೊಟ್ಟರೆ ಯಾವ ಮಾವು?

ಈಗ ಮೊಮ್ಮಗ ಹಾಕಿಕೊಟ್ಟ ಆಪ್‌ನಲ್ಲಿ ನನಗೆ ಎರಡೇ ಫೋಲ್ಡರ್. ಕೀರ್ದಿ, ಅಂದರೆ ದಿನಕ್ಕೊಂದು ನೋಟ್. ಖತಾವಣಿ, ಅಂದರೆ ವಿಷಯಕ್ಕೊಂದು, ಜನಕ್ಕೊಂದು. ಕೀರ್ದಿಯಲ್ಲಿ ಬರೆಯುತ್ತೇನೆ, ಖತಾವಣಿಗೆ ಲಿಂಕ್ ಕೊಡುತ್ತೇನೆ. ಟ್ಯಾಗ್ ಅಂದರೆ ಏನೆಂದು ಇವತ್ತಿಗೂ ಕೇಳಿಲ್ಲ.

ಊರುಬಿಟ್ಟವ, ಮೂಲ ಯಲ್ಲಾಪುರ

ಎಲ್ಲರೂ ದೊಡ್ಡ ವಿಷಯ ಬಿಟ್ಟಿರಿ. ತಲೆಬರಹ ಇಂಗ್ಲಿಷಿನಲ್ಲಿರಲಿ. ಒಳಗೆ ಬೇಕಾದರೆ ಕನ್ನಡ ಬರೆದುಕೊಳ್ಳಿ. ನಾನು ಐದು ವರ್ಷದಲ್ಲಿ ನಾಲ್ಕು ಆಪ್ ಬದಲಾಯಿಸಿದೆ. ಒಂದರಲ್ಲಿ ಹೆಚ್ಚುವರಿ ಸೌಲಭ್ಯಕ್ಕೆ ಅಂತ 43 ಪ್ಲಗಿನ್ ಹಾಕಿ, ತೆರೆಯಲು 19 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಸೆಕೆಂಡ್ ಮುಳ್ಳು ನೋಡುತ್ತಾ ಕೂತಿದ್ದೇನೆ, ಅಂದಾಜಲ್ಲ. ನೋಟ್ಸ್ ಜೋಡಿಸುವುದು ಹೇಗೆ ಎಂಬ ಆನ್‌ಲೈನ್ ಕೋರ್ಸಿಗೆ 4,999 ಕೊಟ್ಟೆ. ಆರು ವಾರ. ಕೊನೆಗೆ ಉಳಿದದ್ದು ಆ ಕೋರ್ಸಿನ ಮೇಲೆ ಬರೆದ 88 ನೋಟ್ಸ್. ಈಗ ಎರಡು ಪ್ಲಗಿನ್, ಇಂಗ್ಲಿಷ್ ತಲೆಬರಹ, ನೆಮ್ಮದಿ.

ಕಾಳಿ ಅಳಿವೆ, ಕಾರವಾರ

ಅಜ್ಜಿ ಹೇಳಿದ ಮಾತಿಗೆ ಇಂಗ್ಲಿಷ್ ತಲೆಬರಹ. ಸರಿ ಸ್ವಾಮಿ.

ಮೇಷ್ಟ್ರು ಕೇಳಿದ್ದು ವಿಭಕ್ತಿ. ಅದಕ್ಕೆ ಯಾರೂ ಬಾಯಿ ಬಿಟ್ಟಿಲ್ಲ. [[ತೋಟ]]ದಲ್ಲಿ, [[ಅಡಿಕೆ]]ಗೆ ಅಂತ ಲಿಂಕಿನ ಬ್ರಾಕೆಟಿನ ಹೊರಗೆ ಪ್ರತ್ಯಯ ಅಂಟಿಸಿ, ಓದಲಿಕ್ಕೂ ಸರಿ, ಲಿಂಕಿಗೂ ಸರಿ. ಮೀನು, ಬೇರು, ಕಾಡು, ಈ ತರದ ಪದದಲ್ಲಿ ಉಕಾರ ಬಿದ್ದುಹೋಗುತ್ತದೆ. ಅಲ್ಲಿ ನಡುವೆ ಗೆರೆ ಹಾಕಬೇಕು: [[ಮೀನು|ಮೀನಿನ]]. ಸಂಧಿಗೆ ಮಾತ್ರ ಮದ್ದಿಲ್ಲ. "ಕಾಲ" ಅಂತ ಹುಡುಕಿದರೆ "ಮಳೆಗಾಲ" ಬರುವುದಿಲ್ಲ. ಆದೇಶ ಸಂಧಿ ಕಂಪ್ಯೂಟರಿಗೆ ಯಾರೂ ಕಲಿಸಿಲ್ಲ.

ನಾನು ಮೀನಿನ ಲೆಕ್ಕ ಬರೆಯುವವ. ಬಂಗುಡೆಗೆ ಮನೆಯಲ್ಲಿ ಕೊಂಕಣಿಯ ಬಾಂಗ್ಡೊ, ಪುಸ್ತಕದಲ್ಲಿ ರಾಸ್ಟ್ರೆಲ್ಲಿಗರ್ ಕನಗುರ್ಟಾ. ನಮ್ಮ ತಾರ್ಲೆ ಮಂಗಳೂರಿನಲ್ಲಿ ಬೂತಾಯಿ, ನಮ್ಮ ಇಸ್ವಣ ಅಲ್ಲಿ ಅಂಜಲ್. ಮೊದಲ ವರ್ಷ ಒಂದೇ ಮೀನಿಗೆ ಮೂರು ನೋಟ್, ಒಂದಕ್ಕೆ ಇನ್ನೊಂದರ ಗುರುತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಬಂದ್ ಇರುತ್ತದಲ್ಲ, ಆ 61 ದಿನ ಕೂತು ಸರಿ ಮಾಡಿದೆ. ಮೀನಿಗೊಂದೇ ನೋಟ್. ಅದರ ತಲೆಯಲ್ಲಿ ಅಲಿಯಾಸ್ ಸಾಲು, ಉಳಿದ ಹೆಸರೆಲ್ಲ ಅಲ್ಲಿ. ಈಗ ಬೂತಾಯಿ ಅಂತ ಹೊಡೆದರೂ ತಾರ್ಲೆಯೇ ಬರುತ್ತದೆ.

ಇನ್ನು ನನ್ನ ಹೊಟ್ಟೆಯುರಿ. ತಲೆಬರಹ ಪೂರ್ತಿ ವಾಕ್ಯ ಇರಬೇಕು ಅಂತ ಯಾರೋ ಬರೆದದ್ದು ಓದಿದ್ದೆ. ಹಾಗೇ ಇಟ್ಟೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಸೇವ್ ಆಯಿತು. ಫೋನಿಗೆ 73 ನೋಟ್ಸ್ ಬರಲೇ ಇಲ್ಲ. ಐದು ತಿಂಗಳು ನನಗೆ ಗೊತ್ತೇ ಆಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದಲ್ಲಿ ವ್ಯಂಜನಕ್ಕೆ ಮೂರು ಬೈಟ್, ಅದರ ಗುಣಿತಕ್ಕೆ ಮೂರು, ಒತ್ತು ಬಂದರೆ ಇನ್ನೂ ಆರು. "ಸ್ತ್ರೀ" ಅನ್ನುವ ಒಂದೇ ಅಕ್ಷರಕ್ಕೆ 18. ಒಂಬತ್ತು ಹತ್ತು ಪದ ದಾಟಿದರೆ ಕಥೆ ಮುಗಿಯಿತು. ಅಷ್ಟರಲ್ಲಿ ಉಪ್ಪುಗಾಳಿಗೆ ಲ್ಯಾಪ್‌ಟಾಪಿನ ಬೋರ್ಡ್ ಹಸಿರುಗಟ್ಟಿ ಸತ್ತಿತು. ರಿಪೇರಿಗೆ 6,800 ಹೇಳಿದರು, ಬಿಟ್ಟೆ. ಡಿಸ್ಕ್ ಬಿಚ್ಚಿಸಿ 650ರ ಡಬ್ಬಿಗೆ ಹಾಕಿಸಿದೆ. 73ರಲ್ಲಿ 70 ಸಿಕ್ಕಿತು. ಆ ಮೂರು ಯಾವುದೆಂದು ಇನ್ನೂ ನೆನಪಾಗುತ್ತಿಲ್ಲ, ಅದೇ ಸಂಕಟ.

ಊರುಬಿಟ್ಟವ, ಮೂಲ ಯಲ್ಲಾಪುರ

ನೋಡಿ, ಅದಕ್ಕೇ ಇಂಗ್ಲಿಷ್ ಅಂದದ್ದು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್. ನಿಮ್ಮ ಬಾಯಿಂದಲೇ ಬಂತು.

ಕಾಳಿ ಅಳಿವೆ, ಕಾರವಾರ

ನೀವು ಅಡಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದು ದಿನ ಒಂದು ಡಿ ಹಾಕಿ ಬರೆಯುತ್ತೀರಿ, ಇನ್ನೊಂದು ದಿನ ಎರಡು. ಆಮೇಲೆ ಯಾವುದನ್ನು ಹುಡುಕುತ್ತೀರಿ? ಚಿಕ್ಕ ತಲೆಬರಹ ಇಡಿ ಅಂದರೆ ಮುಗಿಯಿತು. ಅದಕ್ಕೆ ಭಾಷೆಯನ್ನೇ ಯಾಕೆ ಮಾರುತ್ತೀರಿ?

ಊರುಬಿಟ್ಟವ, ಮೂಲ ಯಲ್ಲಾಪುರ

ಮಾರುವ ಮಾತು ಯಾರು ಆಡಿದರು? ಕರಾವಳಿಯವರಿಗೆ ಎಲ್ಲದಕ್ಕೂ ಸಿಟ್ಟು.

ಅಂಕೋಲಾದ ಅಕ್ಕ

ತಮ್ಮಂದಿರಾ, ಸಾಕು. ನನ್ನ ಹತ್ತಿರ ಇರುವುದು ಅತ್ತೆಯವರ ಅಡುಗೆ, 260 ನೋಟ್ಸ್. ಅವರು ಹೇಳುತ್ತಿದ್ದಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಕೂತು ಬರೆದದ್ದು. ಅಳತೆ ಕೇಳಿದರೆ "ಒಂದು ಚಿಟಿಕೆ, ಒಂದು ಮುಷ್ಟಿ, ಕಣ್ಣಂದಾಜು". ಅಪ್ಪೆಹುಳಿಯನ್ನು ಎಲ್ಲಿಡುವುದು ಅಂತ ಒಂದು ವಾರ ಯೋಚಿಸಿದೆ. ಸಾರಿನ ಫೋಲ್ಡರಿಗಾ, ಮಾವಿನಕಾಯಿಗಾ, ಬೇಸಿಗೆಗಾ? ಕೊನೆಗೆ ಯಾವ ಫೋಲ್ಡರಿಗೂ ಹಾಕದೆ ಮೂರಕ್ಕೂ ಲಿಂಕ್ ಕೊಟ್ಟೆ. ಮೂರು ಕಡೆಯಿಂದ ಹೋದರೂ ಸಿಗುತ್ತದೆ. ಅಲ್ಲಿಗೆ ಫೋಲ್ಡರ್ ಹುಚ್ಚು ಬಿಟ್ಟಿತು.

"ಮಾವು" ಅಂತ ಬರೀ ಹೆಸರಿಡಬಾರದು ಅಂದರಲ್ಲ ಖತಾವಣಿಯವರು, ಅದು ನಿಜ. ನನ್ನಲ್ಲಿ ಅದು ಬರೀ ಪರಿವಿಡಿ ನೋಟ್. ಅದರೊಳಗೆ ಅಪ್ಪೆಮಿಡಿ ಬೇರೆ, ಕರಿ ಈಶಾಡ ಬೇರೆ. ನಮ್ಮ ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಬಂತು, ಅದರ ಮುಂದೆ ಉಳಿದ ಮಾವೆಲ್ಲ ನೀರು.

ಅಟ್ಟದ ಮೇಲಿನವ, ಶಿರಸಿ

ಅಕ್ಕ, ಅಪ್ಪೆಮಿಡಿಗೆ 2009ರಲ್ಲೇ ಬಂದಿದೆ. ಯಾವುದು ಮೊದಲು ಅಂತ ನೀವೇ ಲೆಕ್ಕ ಹಾಕಿ.

ಅಂಕೋಲಾದ ಅಕ್ಕ

ಮಿಡಿಯನ್ನು ಉಪ್ಪಿನಲ್ಲಿ ಹಾಕಿ ಕಾಯಬೇಕು. ಈಶಾಡನ್ನು ಕೊಯ್ದು ತಿಂದರೆ ಆಯಿತು. ಹಣ್ಣಿಗೂ ಉಪ್ಪಿನಕಾಯಿಗೂ ಎಂಥ ಜಗಳ?

ಬನವಾಸಿ ರೋಡ್

ಇವರ ಜಗಳದ ನಡುವೆ ಮೇಷ್ಟ್ರು ಎಲ್ಲಿ ಹೋದರು? ಮೇಷ್ಟ್ರೇ, ಏನೇ ಮಾಡುವ ಮೊದಲು ಇಡೀ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ. 1,900 ಟೆಕ್ಸ್ಟ್ ಫೈಲಿಗೆ ಹೆಚ್ಚು ಜಾಗ ಬೇಡ. ನಾನು ಮಾಡಿರಲಿಲ್ಲ.

ಕುಮಟಾ ಮೇಷ್ಟ್ರು

ಇದ್ದೇನೆ, ಓದುತ್ತಿದ್ದೆ. ಪೇಪರ್ ತಿದ್ದುವ ಕೆಲಸ ಇತ್ತು.

ಪೆನ್‌ಡ್ರೈವಿಗೆ ಹಾಕಿದೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಎಷ್ಟು, ಫೋನಿನಲ್ಲಿ ಎಷ್ಟು ಅಂತ ಎಣಿಸಿದೆ. ಫೋನಿನಲ್ಲಿ 26 ಕಡಿಮೆ. ಎಲ್ಲ ಉದ್ದ ತಲೆಬರಹದವೇ. ಹೆಚ್ಚಿನವು ಅಜ್ಜಿಯ ಮಾತುಗಳು, ಅವರ ವಾಕ್ಯವನ್ನೇ ತಲೆಬರಹ ಮಾಡಿದ್ದೆ. ಇಷ್ಟು ದಿನ ಹುಡುಕಿದರೆ ಸಿಗುತ್ತಿಲ್ಲ ಅಂತ ಗೋಳಾಡಿದ್ದು ಫೋನಿನಲ್ಲಿ! ಈಗ ತಲೆಬರಹ ಮೊಟಕು ಮಾಡಿ ಪೂರ್ತಿ ಮಾತನ್ನು ಒಳಗೆ ಹಾಕಿದೆ. ಹದಿನೇಳು ಆಯಿತು, ಒಂಬತ್ತು ಬಾಕಿ.

ಫೋಲ್ಡರ್ ಹನ್ನೊಂದರಲ್ಲಿ ಎಂಟು ತೆಗೆದೆ. ಪಾಠದ್ದು ಹಾಗೇ ಇರಲಿ, ಶಾಲೆಯಲ್ಲಿ ಗಡಿಬಿಡಿಯಲ್ಲಿ ಬೇಕಾಗುತ್ತದೆ. ಉಳಿದೆರಡಕ್ಕೆ ಕೀರ್ದಿ, ಖತಾವಣಿ ಅಂತಲೇ ಹೆಸರಿಟ್ಟೆ. ಹಿರಿಯರು ಬೇಜಾರು ಮಾಡಿಕೊಳ್ಳಬಾರದು. ಕಗ್ಗಕ್ಕೆ ಗಜನಿ, ಉಪ್ಪುನೀರು, ಭತ್ತ, ಮೂರರಿಂದಲೂ ಲಿಂಕ್ ಕೊಟ್ಟೆ, ಅಕ್ಕ ಹೇಳಿದ ಹಾಗೆ.

ಖತಾವಣಿ

ಬೇಜಾರೆಂಥದು. ಆದರೆ ಕೀರ್ದಿಯನ್ನು ಅದೇ ದಿನ ಬರೆಯಬೇಕು. ಮರುದಿನ ಬರೆದರೆ ಅದು ಕೀರ್ದಿ ಅಲ್ಲ.

ಅಂಕೋಲಾದ ಅಕ್ಕ

ಮೇಷ್ಟ್ರೇ, ಕಗ್ಗದ ಅಕ್ಕಿ ಈ ಸಲ ನಿಮ್ಮ ಕಡೆ ಯಾರ ಹತ್ತಿರವಾದರೂ ಸಿಗುತ್ತದಾ? ಗಂಜಿಗೆ ಐದು ಕೆಜಿ ಬೇಕಿತ್ತು.