ಕ್ರೋಟನ್ ಬಣ್ಣ ಕಳೆದುಕೊಂಡಿದೆ

ಪ್ರಶ್ನೆ (ಮೈಸೂರು): ನರ್ಸರಿಯಿಂದ ತಂದಾಗ ಹಳದಿ, ಕೆಂಪು ಎಲೆಗಳಿಂದ ಜಾತ್ರೆಯಂತಿದ್ದ ಕ್ರೋಟನ್ ಈಗ ಬರೀ ಹಸಿರು. ಕುಂಡ ಟಿವಿಯ ಪಕ್ಕದಲ್ಲಿದೆ. ಗೊಬ್ಬರ ಹಾಕಿದರೂ ಪ್ರಯೋಜನವಿಲ್ಲ.

ಉತ್ತರ (ಸಾಗರ): ಅದಕ್ಕೆ ಗೊಬ್ಬರವಲ್ಲ, ಬಿಸಿಲು ಬೇಕು ತಂಗಿ. ನಮ್ಮ ಬೇಲಿಯ ಒಂದೇ ಗಿಡ ಹಲಸಿನ ನೆರಳಿನ ಕಡೆ ಹಸಿರು, ಬಯಲಿನ ಕಡೆ ಬೆಂಕಿ! ಆದರೆ ಒಮ್ಮೆಲೇ ತಾರಸಿಗೆ ಒಯ್ಯಬೇಡಿ, ಎಲೆ ಸುಟ್ಟೀತು. ಮೊದಲ 2 ವಾರ ಬೆಳಗಿನ ಬಿಸಿಲಷ್ಟೇ ಇರಲಿ. ಜಾಗ ಬದಲಾದರೆ ಮುನಿದು ಎಲೆ ಉದುರಿಸುವ ಗಿಡವಿದು. ಗಾಬರಿಯಾಗಿ ನೀರು ಸುರಿಯಬೇಡಿ. ಬಣ್ಣ ಬರುವುದು ಹೊಸ ಚಿಗುರಿಗೆ.

ಉತ್ತರ (ಉಡುಪಿ): ಕ್ರೋಟನ್ ಕೊಂಬೆ ಸವರುವಾಗ ಅದರ ಹಾಲು (ಸೊನೆ) ತಾಗದಂತೆ ಕೈಗವಸು ಹಾಕಿಕೊಳ್ಳಿ. ನನಗೆ ಮೊಣಕೈವರೆಗೂ ತುರಿಕೆಯಾಗಿತ್ತು.

ಪ್ರಶ್ನೆ ಕೇಳಿದವರು: ಕಿಟಕಿಗೆ ಸರಿಸಿದೆ ಅಕ್ಕ. ಟಿವಿ ಪಕ್ಕಕ್ಕೆ ಏನಿಡಲಿ?

ಉತ್ತರ (ಸಾಗರ): ಮನಿ ಪ್ಲಾಂಟ್. ಅದು ಧಾರಾವಾಹಿಯನ್ನೂ ಸಹಿಸುತ್ತದೆ.